ಬಿಳಿಯ ಮೇಲೆ ಬಿಳಿಯಲ್ಲಿ ಬರೆದ ಹೆಸರು

ಹುಲ್ಲಹಳ್ಳಿ ಪವಿತ್ರ ಅಂತ ಮೊಬೈಲಿನಲ್ಲಿ ಹುಡುಕಿದರೆ ಎಲ್ಲಕ್ಕಿಂತ ಮೇಲೆ ಬರುತ್ತಿದ್ದದ್ದು ಒಂದೇ ಸಾಲು: ‘ರೋಗಿಯ ಉಂಗುರ ಕದ್ದ ನರ್ಸ್ ಪವಿತ್ರ’. ಅದರ ಕೆಳಗೆ ನನ್ನ ಅಕ್ಕನ ಫೋಟೋ. ನರ್ಸಿಂಗ್ ಕಾಲೇಜಿನ ಐಡಿ ಕಾರ್ಡಿನದು. ಬಿಗಿಯಾಗಿ ಬಾಚಿದ ತಲೆ, ನಗದ ಮುಖ. ಅಂಥ ಫೋಟೋದಲ್ಲಿ ಯಾರನ್ನು ನಿಲ್ಲಿಸಿದರೂ ಕಳ್ಳರ ಹಾಗೇ ಕಾಣುತ್ತಾರೆ.

ಉಂಗುರ ಕಾಣದೆ ಹೋದದ್ದು ನಿಜ. ಅಕ್ಕ ಕೆಲಸಕ್ಕಿದ್ದ ನರ್ಸಿಂಗ್ ಹೋಮಿನಲ್ಲಿ ಒಬ್ಬ ಮುದುಕರ ಬೆರಳು ಊದಿಕೊಂಡಿತ್ತು ಅಂತ ಉಂಗುರ ಬಿಚ್ಚಿಸಿದರು, ಆಮೇಲೆ ಅದು ಸಿಗಲಿಲ್ಲ. ಆ ಹೊತ್ತು ವಾರ್ಡಿನಲ್ಲಿ ಬೇರೆ ನರ್ಸುಗಳೂ ಇದ್ದರು. ನಮ್ಮ ಕೇರಿಯಿಂದ ಹೋದವಳು ಮಾತ್ರ ಅಕ್ಕ ಒಬ್ಬಳೇ. ಇಷ್ಟು ಹೇಳಿದರೆ ಮಿಕ್ಕಿದ್ದು ನಿಮಗೇ ಗೊತ್ತಾಗುತ್ತದೆ. ಆಮೇಲೊಂದು ದಿನ ಉಂಗುರ ಆ ಮುದುಕರ ಮನೆಯಲ್ಲೇ, ಅವರ ಕನ್ನಡಕದ ಡಬ್ಬಿಯ ಬಟ್ಟೆಯೊಳಗೆ ಸಿಕ್ಕಿತು. ಅವರ ಮೊಮ್ಮಗಳು ಲಿಖಿತಾ ಎಂಬ ಹುಡುಗಿ ನಮ್ಮ ಮನೆ ಹುಡುಕಿಕೊಂಡು ಬಂದು, ಅಕ್ಕನ ಕೈ ಹಿಡಿದು ಅತ್ತು ಹೋದಳು. ಅದನ್ನು ಯಾರೂ ಸುದ್ದಿ ಮಾಡಲಿಲ್ಲ. ಕದ್ದಳು ಅನ್ನುವುದು ಸುದ್ದಿ. ಕದಿಯಲಿಲ್ಲ ಅನ್ನುವುದು ಯಾರಿಗೆ ಬೇಕು?

ಆ ವೆಬ್ ಸುದ್ದಿಯವನನ್ನು ಹೊಡೆಯಬೇಕು ಅಂತಲೇ ನಂಜನಗೂಡಿನ ಅವನ ಆಫೀಸಿಗೆ ಹೋದೆ. ಆಫೀಸು ಅಂದರೆ ಒಂದು ಕುರ್ಚಿ, ಒಂದು ಟ್ರೈಪಾಡು. ಅವನು ನನ್ನ ಮುಷ್ಟಿ ನೋಡಿ ನಕ್ಕ.

“ಕೂತ್ಕೋ ಮೊದ್ಲು. ಟೀ ಕುಡೀತೀಯಾ?”

“ನಮ್ಮಕ್ಕನ ಸುದ್ದಿ ತೆಗೀರಿ.”

“ನಾನು ತೆಗೆದ್ರೂ ಅದು ಹೋಗಲ್ಲ ಕಣಯ್ಯ. ಎಲ್ಲೆಲ್ಲಿಗೋ ಕಾಪಿ ಆಗೋಗಿದೆ. ಹುಟ್ಟಿಸೋದು ಅಷ್ಟೇ ನಮ್ಮ ಕೈಲಿರೋದು. ಆಮೇಲೆ ಅದು ಅದರ ಪಾಡಿಗೆ ಬದುಕ್ತಾ ಇರುತ್ತೆ.”

ಟೀ ಲೋಟ ಅವನ ಟೇಬಲ್ಲಿನ ಮೇಲೇ ಮಗುಚಿ ಬಂದೆ. ಆ ಮಾತನ್ನು ಮಾತ್ರ ಮಗುಚಲು ಆಗಲಿಲ್ಲ.

ಆಗಿನಿಂದ ಅಕ್ಕ ಎಲ್ಲಿಗೆ ಕೆಲಸ ಕೇಳಲು ಹೋದರೂ ಅದೇ ಕತೆ. ಸರ್ಟಿಫಿಕೇಟು ನೋಡುತ್ತಾರೆ, ತಲೆ ಆಡಿಸುತ್ತಾರೆ, ಆಮೇಲೆ ಮೇಜಿನ ಕೆಳಗೆ ಮೊಬೈಲು ತೆಗೆದು ಏನೋ ಒತ್ತುತ್ತಾರೆ. ಮುಖ ಬದಲಾಗುತ್ತದೆ. “ಹೇಳಿ ಕಳಿಸ್ತೀವಮ್ಮ.” ಅಕ್ಕ ಮನೆಗೆ ಬಂದು ಬಿಳಿ ಕೋಟನ್ನು ಒಗೆದು ತಂತಿಯ ಮೇಲೆ ಹಾಕುತ್ತಿದ್ದಳು. ತೊಟ್ಟೇ ಇರದ ಕೋಟನ್ನು ಮತ್ತೆ ಮತ್ತೆ ಒಗೆಯುತ್ತಿದ್ದಳು.

“ಕೆಲ್ಸ ಸಿಗ್ದಿದ್ರೂ ಬುಡು ಪ್ರೇಮ,” ಅಂದಳು ಒಂದು ದಿನ. “ನನ್ನೆಸ್ರು ನಂಗೆ ವಾಪಸ್ ಬೇಕು ಕಣ್ಲಾ.”

ನಾನು ಒಂಬತ್ತನೇ ಕ್ಲಾಸಿಗೆ ಶಾಲೆಗೆ ಬೆನ್ನು ತಿರುಗಿಸಿದವನು. ಮೇಷ್ಟ್ರು ಹೊಡೆದರು, ನಾನು ಬೆತ್ತ ಕಿತ್ತುಕೊಂಡೆ, ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಮಿಕ್ಕಿದ್ದನ್ನೆಲ್ಲ ನಂಜನಗೂಡು ಬಸ್ ನಿಲ್ದಾಣದ ಹಿಂದಿನ ಗುರುಪ್ರಸಾದ್ ಅಂಗಡಿಯಲ್ಲಿ ಕಲಿತೆ. ಮುಂದೆ ಮೊಬೈಲ್ ರಿಪೇರಿ, ಜೆರಾಕ್ಸು. ಹಿಂದಿನ ಕೋಣೆಯಲ್ಲಿ ವೆಬ್‌ಸೈಟ್ ಕೆಲಸ. ರೈಸ್ ಮಿಲ್ಲು, ಡ್ರೈವಿಂಗ್ ಸ್ಕೂಲು, ಲಾಡ್ಜು, ಹೂವಿನ ಮಂಟಪ ಕಟ್ಟುವವರು, ಇವರೆಲ್ಲರ ಪುಟಗಳನ್ನು ಸರ್ಚಿನಲ್ಲಿ ಮೇಲಕ್ಕೆ ತರುವುದು ಗುರಣ್ಣನ ಧಂದೆ. ಅವರು ಸೈಬರ್ ಕೆಫೆಗಳ ಕಾಲದಿಂದ ಇದನ್ನೇ ಮಾಡಿಕೊಂಡು ಬಂದವರು. ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿದ್ದರೂ ಕತೆ ನಿಲ್ಲಿಸುವ ಪೈಕಿ ಅಲ್ಲ.

“ಇಂಟರ್ನೆಟ್ ಶುರುವಲ್ಲಿ ಏನಿತ್ತು ಗೊತ್ತೇನೋ? ಬರೀ ಪಟ್ಟಿ. ಟೆಲಿಫೋನ್ ಡೈರೆಕ್ಟರಿ ಇದ್ದಂಗೆ, ಎ ಇಂದ ಝಡ್. ಮೇಲೆ ಕಾಣಿಸ್ಬೇಕು ಅಂತ ಜನ ಅಂಗಡಿ ಹೆಸರಿಗೇ ಎ ಎ ಎ ಅಂತ ಸೇರಿಸ್ಕೊಂಡ್ರು.”

“ಹಂಗಾರೆ ನಿಮ್ಮಂಗ್ಡಿ ಆಆಆ ಗುರುಪ್ರಸಾದ್?”

“ಹಲ್ಲು ಕಿತ್ತಾಗ ಕೂಗ್ದಂಗೆ ಇರ್ತಿತ್ತು. ಕೇಳು. ಆಮೇಲೆ ಯಂತ್ರ ಬಂತು. ಅದನ್ನ ಜೇಡ ಅಂತಾರೆ. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಎಳೆ ಹಿಡ್ಕೊಂಡು ಹೋಗುತ್ತೆ, ಸಿಕ್ಕಿದ್ದೆಲ್ಲ ಓದುತ್ತೆ, ತಗೊಂಡೋಗಿ ತನ್ನ ಗೂಡಲ್ಲಿ ಜೋಡಿಸಿಟ್ಕೊಳುತ್ತೆ. ನೀನು ಹುಡುಕಿದಾಗ ಲೋಕ ಸುತ್ತಲ್ಲ ಕಣೋ ಅದು, ತನ್ನ ಗೂಡಲ್ಲಿ ನೋಡಿ ಹೇಳುತ್ತೆ. ಆಗೆಲ್ಲ ಒಂದು ಪದ ಎಷ್ಟು ಸಲ ಇದೆ ಅಂತ ಎಣಿಸೋದು. ನಾವೇನ್ ಕಮ್ಮಿನಾ? ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ ಲಾಡ್ಜು ಲಾಡ್ಜು ಲಾಡ್ಜು ಅಂತ ತುಂಬಿಸಿಬಿಡ್ತಿದ್ವಿ. ಮನುಷ್ಯರಿಗೆ ಕಾಣಲ್ಲ, ಜೇಡಕ್ಕೆ ಕಾಣುತ್ತೆ.”

“ಈಗ?”

“ಈಗ ಹಂಗ್ ಮಾಡಿದ್ರೆ ತಳಕ್ಕೆ ಹಾಕುತ್ತೆ, ಮಾಡ್ಬಾರ್ದು. ಅಮೆರಿಕದಲ್ಲಿ ಇಬ್ರು ಕಾಲೇಜು ಹುಡುಗ್ರು ಲೆಕ್ಕಾನೇ ಬದಲಾಯಿಸಿದ್ರು. ನಿನ್ನ ಬಗ್ಗೆ ನೀನು ಏನ್ ಹೇಳ್ಕೊತೀಯೋ ಅದಷ್ಟೇ ಸಾಲ್ದು, ನಿನ್ನ ಕಡೆ ಯಾರ್ ಯಾರು ಬೆರಳು ತೋರಿಸ್ತಾರೆ ಅದನ್ನ ನೋಡೋಣ ಅಂದ್ರು. ಅದೇ ಲಿಂಕು. ದೊಡ್ಡವನು ತೋರಿಸಿದ ಬೆರಳಿಗೆ ತೂಕ ಜಾಸ್ತಿ.”

“ನಮ್ಮೂರ ಪಂಚಾಯ್ತಿ ಕಟ್ಟೆ ಇದ್ದಂಗೆ ಅನ್ನಿ,” ಅಂದೆ. “ನಿಜಾನಾ ಸುಳ್ಳಾ ಅಂತ ಯಾರೂ ಕೇಳಾಕಿಲ್ಲ. ಗೌಡ್ರ ಬೆಳ್ಳು ಯಾರ್ ಕಡೆ ತಿರುಗ್ತು, ಅವ್ನೇ ಕಳ್ಳ.”

ಗುರಣ್ಣ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. ನಮ್ಮಕ್ಕನ ವಿಷಯ ಅವರಿಗೆ ಗೊತ್ತಿತ್ತು.

“ಅಳಿಸೋಕಾಗಲ್ಲ ಪ್ರೇಮ. ತಳ್ಳಬಹುದು. ಎರಡನೇ ಪುಟಕ್ಕೆ ಯಾರೂ ಹೋಗಲ್ಲ. ಅದೇ ಹೆಸರಲ್ಲಿ ಇನ್ನೊಬ್ಬ ಪವಿತ್ರನ ತಂದು ಮೇಲೆ ಕೂರಿಸು. ಒಳ್ಳೇ ಪವಿತ್ರ.”

ಅವತ್ತೇ ಕೂತು ಮಾಡಿದೆ. ನಂಜನಗೂಡು ಅಂತ ಹಾಕಿದರೆ ಆ ಸುದ್ದಿಗೇ ಅಂಟಿಕೊಳ್ಳುತ್ತದೆ, ತಿ. ನರಸೀಪುರ ಅಂತ ಹಾಕು, ಅಲ್ಲಿ ಪೈಪೋಟಿಯೂ ಕಮ್ಮಿ ಅಂದರು ಗುರಣ್ಣ. ಹಾಗಾಗಿ ‘ಹುಲ್ಲಹಳ್ಳಿ ಪವಿತ್ರ, ತಿ. ನರಸೀಪುರ: ಹಾಸಿಗೆ ಹಿಡಿದ ಹಿರಿಯರಿಗೆ ಶುಶ್ರೂಷೆ’ ಅಂತ ಪುಟ ಆಯಿತು. ಬೆನ್ನಿಗೆ ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದು ಹೇಗೆ, ಗಂಜಿ ನೆತ್ತಿಗೆ ಹತ್ತದಂತೆ ಕುಡಿಸುವುದು ಹೇಗೆ, ಎಲ್ಲ ಅಕ್ಕನ ಬಾಯಿಂದಲೇ ಕೇಳಿ ಬರೆದೆ. ಅವಳ ಕೆಲಸವೆಲ್ಲ ಅಲ್ಲಿ ಹೋಗಿ ಕೂತಿತು. ಮ್ಯಾಪಿನಲ್ಲಿ ಒಂದು ಜಾಗ ತೋರಿಸಬೇಕಿತ್ತು. ಕಪಿಲಾ ಹೊಳೆಯ ದಂಡೆಯಲ್ಲಿ ಮನೆಯೇ ಇಲ್ಲದ ಒಂದು ಬೀಳು ಸೈಟು ನೋಡಿ ಅಲ್ಲಿ ಗುರುತು ಒತ್ತಿದೆ. ಇಲ್ಲದ ಮನೆಗೆ ಯಾರು ತಕರಾರು ಮಾಡುತ್ತಾರೆ? ವಿಳಾಸಕ್ಕೆ ‘ನೀಲಿ ಬಾಗಿಲ ಮನೆ’ ಅಂತ ಹಾಕಿದೆ. ನಮ್ಮ ಹುಲ್ಲಹಳ್ಳಿ ಮನೆಯ ಬಾಗಿಲು ನೀಲಿ.

“ಮೊಖ ಆಕ್ಬೇಡ ಕಣ್ಲಾ,” ಅಂದಳು ಅಕ್ಕ. “ಮೊಖ ಆಕಿ ಆಗಿರೋದೇ ಸಾಕು.”

ಅದಕ್ಕೆ ಅವಳು ಕೋಟು ತೊಟ್ಟು ಬಾಗಿಲ ಕಡೆ ತಿರುಗಿ ನಿಂತಾಗ ಹಿಂದಿನಿಂದ ಒಂದು ಫೋಟೋ ತೆಗೆದೆ. ಬೆನ್ನು, ಉದ್ದ ಜಡೆ, ನೀಲಿ ಬಾಗಿಲು.

ಬಾಗಿಲಿನ ಬಗ್ಗೆ ಒಂದು ಮಾತು ಹೇಳಬೇಕು. ಅದರ ಮೇಲೆ ‘ನಾಳೆ ಬಾ’ ಅಂತ ಬರೆದಿದೆ. ನಾನು ಹುಟ್ಟುವ ಮೊದಲು ಊರೂರಿನಲ್ಲೂ ಎದ್ದ ಭಯ ಅದು. ಹೊತ್ತು ಮುಳುಗುವಾಗ ಏನೋ ಒಂದು ಬಂದು ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತದೆ, ಓಗೊಟ್ಟವರು ಹೋದಂತೆಯೇ. ಬಾಗಿಲ ಮೇಲೆ ನಾಳೆ ಬಾ ಅಂತ ಬರೆದಿದ್ದರೆ ಓದಿಕೊಂಡು ವಾಪಸು ಹೋಗುತ್ತದೆ. ನಾಳೆ ಬಂದು ಮತ್ತೆ ಅದನ್ನೇ ಓದುತ್ತದೆ. ಅಪ್ಪ ಚಲುವಯ್ಯ ಮನೆಗೆ ಬುದ್ಧನ ಫೋಟೋ ತಂದ ವರ್ಷ, ಇಂಥ ಮೂಢತನ ನಮ್ಮನೇಲಿ ಬೇಡ ಅಂತ ಬಾಗಿಲಿಗೆ ಹೊಸ ನೀಲಿ ಬಣ್ಣ ಬಳಿದ. ಅಪ್ಪ ತೀರಿಹೋದ ಮೇಲೆ ಅವ್ವ ಸೀಮೆಸುಣ್ಣ ಹಿಡಿದು ಮತ್ತೆ ಬರೆದಳು. ಮಾಸಿದಾಗಲೆಲ್ಲ ತಿದ್ದುತ್ತಾಳೆ.

ಗುರಣ್ಣ ಕೊಟ್ಟ ಹಳೇ ಪುಟದ ಅಚ್ಚಿನಲ್ಲಿ, ಕಣ್ಣಿಗೆ ಕಾಣದ ತಲೆಭಾಗದಲ್ಲಿ, ಜೇಡಕ್ಕೆ ಅಂತಲೇ ಬರೆದ ಒಂದು ಸಾಲಿತ್ತು. ಇದೇನು ಅಂತ ಕೇಳಿದೆ.

“ಒಂದು ದಿನ ಬಿಟ್ಟು ಮತ್ತೆ ಬಾ ಅಂತ ಹೇಳೋದು. ಹಿಂದೆಲ್ಲ ಎಲ್ಲಾರೂ ಹಾಕೋವ್ರು. ಈಗ ಯಾವ ಜೇಡನೂ ಅದನ್ನ ಓದಲ್ಲ. ಇರ್ಲಿ ಬಿಡು, ಶಾಸ್ತ್ರಕ್ಕೆ.”

“ನಾಳೆ ಬಾ ಅಂತ,” ಅಂದು ನಕ್ಕೆ. ಹಾಗೇ ಬಿಟ್ಟೆ.

ಮತ್ತೊಂದು ಕೆಲಸ ಗುರಣ್ಣನಿಗೆ ಹೇಳದೆ ಮಾಡಿದೆ. ಅವರು ಊಟಕ್ಕೆ ಹೋಗಿದ್ದರು. ನನಗೆ ಆ ಸುದ್ದಿಯವನ ನಗು ನೆನಪಾಯಿತು, ಮೈಯೆಲ್ಲ ಉರಿಯಿತು. ಪುಟದ ತಳದಲ್ಲಿ ಬಿಳಿಯ ಮೇಲೆ ಬಿಳಿಯಲ್ಲಿ ಪವಿತ್ರ ಪವಿತ್ರ ಪವಿತ್ರ ಅಂತ, ಕೈ ಸೋಲುವ ತನಕ, ಕೂಗಿದ ಹಾಗೆ ಬರೆದೆ. ನೋಡಿದರೆ ಖಾಲಿ ಬಿಳಿ. ಅಕ್ಷರ ಆರಿಸುವ ಹಾಗೆ ಬೆರಳಿಟ್ಟು ಎಳೆದರೆ ಮಾತ್ರ ನೀಲಿ ನೆರಳಿನೊಳಗಿಂದ ಅಕ್ಕನ ಹೆಸರು ಸಾಲುಸಾಲಾಗಿ ಏಳುತ್ತಿತ್ತು.

ರೈಸ್ ಮಿಲ್ಲು, ಲಾಡ್ಜು, ಡ್ರೈವಿಂಗ್ ಸ್ಕೂಲು, ಎಲ್ಲರ ಪುಟದಿಂದಲೂ ಗುರಣ್ಣ ಈ ಪುಟದ ಕಡೆ ಬೆರಳು ತೋರಿಸಿದರು. ಬಿಳಿ ಅಕ್ಷರಕ್ಕೆ ಅದು ತಳಕ್ಕೆ ಬೀಳಬೇಕಿತ್ತು. ಬೀಳಲಿಲ್ಲ. ಮೆಲ್ಲಗೆ ಹತ್ತಿತು, ಆಮೇಲೆ ದಡದಡನೆ ಹತ್ತಿತು. ಒಂದು ದಿನ ಬೆಳಿಗ್ಗೆ ನೋಡಿದರೆ ಉಂಗುರದ ಸುದ್ದಿ ಎರಡನೇ ಪುಟಕ್ಕೆ ಹೋಗಿತ್ತು. ಮೇಲೆ ನಮ್ಮ ಪವಿತ್ರ, ಬೆನ್ನು ತಿರುಗಿಸಿ ನಿಂತವಳು.

ಬೋಂಡ ಕಟ್ಟಿಸಿಕೊಂಡು ಮನೆಗೆ ಹೋದೆ. ಅಕ್ಕ ಮೊಬೈಲಿನಲ್ಲಿ ಪುಟವನ್ನೆಲ್ಲ ಓದಿ, “ನನಗಿಂತ ಒಳ್ಳೇವ್ಳು ಕಣ್ಲಾ ಇವ್ಳು. ಸಿಡುಕೋದೇ ಇಲ್ವಲ್ಲ!” ಅಂತ ನಕ್ಕಳು. ಎಷ್ಟೋ ದಿನದ ಮೇಲೆ ಅವಳು ನಕ್ಕದ್ದು.

ಆಮೇಲೆ ಪುಟದ ಕೆಳಗೆ ಜನರ ಅಭಿಪ್ರಾಯಗಳು ಬರತೊಡಗಿದವು. ಮೊದಲನೆಯದು ಮಲ್ಲಾಜಮ್ಮ ಎಂಬುವರ ಮಗ ಬರೆದದ್ದು. ‘ಅಮ್ಮ ಹೋಗುವಾಗ ಪವಿತ್ರ ಸಿಸ್ಟರ್ ಕೈ ಹಿಡಿದುಕೊಂಡಿದ್ದರು. ಒಂದು ಚೂರೂ ನೋವಾಗಲಿಲ್ಲ.’

ಗುರಣ್ಣ ಹಾಕಿಸಿದ್ದು ಅಂದುಕೊಂಡೆ. ಅವರು ನಾನು ಹಾಕಿದ್ದು ಅಂದುಕೊಂಡಿದ್ದರು.

“ನೀನಲ್ವಾ?”

“ನಾನ್ ಯಾಕೆ ಸಾಯಿಸ್ಲಿ ಗುರಣ್ಣ? ಉಸಾರಾದ್ರು ಅಂತ ಬರೀತಿದ್ದೆ.”

ಮತ್ತೊಂದು ಬಂತು, ಇನ್ನೊಂದು ಬಂತು. ಪ್ರತಿಯೊಂದರಲ್ಲೂ ಯಾರೋ ಒಬ್ಬರು ನೆಮ್ಮದಿಯಾಗಿ ಹೋಗಿದ್ದರು. ಪುಟದಲ್ಲಿ ಕೊಟ್ಟ ನಂಬರು ಅಂಗಡಿಯ ಎರಡನೇ ಸಿಮ್ಮಿನದು. ಆ ಫೋನು ನನ್ನ ಎದುರಿಗೇ ಇರುತ್ತಿತ್ತು. ಅದಕ್ಕೆ ಒಂದು ಕರೆಯೂ ಬರಲಿಲ್ಲ. ಹಾಗಾದರೆ ಇವರೆಲ್ಲ ಯಾರನ್ನು ಕರೆದಿದ್ದರು?

ಕೆಲವರು ಫೋಟೋ ಹಾಕಿದ್ದರು. ಯಾರದೋ ಮನೆ, ಮಂಚ, ಹೊದಿಕೆ, ಪಕ್ಕದಲ್ಲಿ ಬಿಳಿ ಕೋಟಿನ ಬೆನ್ನು, ಉದ್ದ ಜಡೆ. ಅಕ್ಕನದೇ ಜಡೆ. ನಾನು ಒಂದೊಂದನ್ನೇ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಮೊದಲನೆಯದರಲ್ಲಿ ಪೂರ್ತಿ ಬೆನ್ನು. ಆಮೇಲಿನದರಲ್ಲಿ ಒಂದು ಕಿವಿ ಕಾಣುತ್ತಿತ್ತು. ಅದರ ಆಮೇಲಿನದರಲ್ಲಿ ಕೆನ್ನೆಯ ಅಂಚು. ಆಕೆ ಸ್ವಲ್ಪ ಸ್ವಲ್ಪವೇ ಈ ಕಡೆ ತಿರುಗುತ್ತಿದ್ದಳು.

ಗುರಣ್ಣ ಪರದೆಯನ್ನೇ ನೋಡಿದರು, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. “ಯಾರೋ ಆಟ ಆಡ್ತಾವ್ರೆ ಕಣೋ,” ಅಂದರು. ಅವರ ದನಿಯಲ್ಲಿ ಆಟ ಇರಲಿಲ್ಲ.

ಅದೇ ಸಮಯಕ್ಕೆ ಊರಿನಲ್ಲೂ ಶುರುವಾಯಿತು. ಅವ್ವ, ಅಕ್ಕ, ನಾನು ಮೂವರೂ ವಿಶಾಲಮ್ಮನ ಅಂಗಡಿಗೆ ಹೋಗಿದ್ದೆವು. ವಿಶಾಲಮ್ಮ ಬೇಳೆ ತೂಗುತ್ತಾ ಕೇಳಿದಳು:

“ಚಲುವಮ್ಮಾ, ನಿನ್ ಮಗ್ಳು ನರಸೀಪುರ್ದಿಂದ ಯಾವಾಗ್ ಬತ್ತಾಳೆ? ಎಲ್ರೂ ಅವ್ಳನ್ನೇ ಒಗುಳ್ತಾವ್ರೆ ಕಣವ್ವ.”

“ಅಯ್ಯೋ, ಇಲ್ಲೇ ನಿಂತಿವ್ನಿ ಕಣಕ್ಕ,” ಅಂದಳು ಅಕ್ಕ.

ವಿಶಾಲಮ್ಮ ದನಿ ಎಲ್ಲಿಂದ ಬಂತು ಅನ್ನುವ ಹಾಗೆ ಸುತ್ತ ನೋಡಿದಳು. ಅಕ್ಕನ ಮುಖದ ಮೇಲೆ ಅವಳ ಕಣ್ಣು ನಿಲ್ಲಲೇ ಇಲ್ಲ, ಗಾಜಿನ ಮೇಲಿನ ನೀರಿನಂತೆ ಜಾರಿಹೋಯಿತು. ಬೇಳೆಯ ಪೊಟ್ಟಣವನ್ನು ಅಕ್ಕನ ಚಾಚಿದ ಕೈ ದಾಟಿಸಿ ನನಗೆ ಕೊಟ್ಟಳು.

ದಾರಿಯಲ್ಲಿ ಅಕ್ಕ ನಕ್ಕಳು. ನಾನೂ ನಕ್ಕೆ. ಅವ್ವ ನಗಲಿಲ್ಲ. “ನಿಜಾನೇ ಅಲ್ವಾ, ಅವ್ಳು ಬಂದು ಬಾಳ ದಿನ ಆಯ್ತು,” ಅಂದಳು. ನಾವು ಕೇಳಿಸಿಕೊಳ್ಳದವರ ಹಾಗೆ ನಡೆದೆವು.

ಮುಂದಿನ ವಾರ ಅಕ್ಕ ಮೈಸೂರಿನ ಒಂದು ಆಸ್ಪತ್ರೆಗೆ ಇಂಟರ್‌ವ್ಯೂಗೆ ಹೋದಳು. ಹೋಗುವಾಗ ಧೈರ್ಯವಾಗಿದ್ದಳು, ಉಂಗುರದ ಸುದ್ದಿ ಈಗ ತಳದಲ್ಲಿತ್ತಲ್ಲ. ಸಾಯಂಕಾಲ ವಾಪಸು ಬಂದವಳು ಜಗಲಿಯ ಮೇಲೆ ಕೂತು ಚಪ್ಪಲಿಯನ್ನೂ ಬಿಡಲಿಲ್ಲ.

“ಆಯಮ್ಮ ಮೊಬೈಲ್ ನೋಡಿದ್ಲು. ನರಸೀಪುರದ ಪವಿತ್ರ ಸಿಸ್ಟರ್ ನಮ್ಗೆ ಗೊತ್ತು, ನಮ್ಮತ್ತೆ ಹೋಗೋವಾಗ ಅವ್ರೇ ಇದ್ದಿದ್ದು, ಅವ್ರ ಸರ್ಟಿಫಿಕೇಟ್ ನಿಮ್ ಹತ್ರ ಹೆಂಗ್ ಬಂತು ಅಂತ ಕೇಳಿದ್ಲು ಕಣ್ಲಾ. ಸೆಕ್ಯೂರಿಟಿಯವ್ನ ಕರುದ್ಲು.” ಸರ್ಟಿಫಿಕೇಟಿನ ಫೈಲನ್ನು ಮಡಿಲಿಗೆ ಎಳೆದುಕೊಂಡು ಅಂದಳು: “ಮೊದ್ಲು ಉಂಗ್ರ ಕದ್ದೋಳು. ಈಗ ನನ್ನನ್ನೇ ಕದ್ದೋಳು.”

ರಾತ್ರಿ ಒಳಗೆ ಅವ್ವ ಮುದ್ದೆ ಬಡಿಸುತ್ತಿದ್ದಳು. ಎರಡೇ ತಟ್ಟೆ.

“ಅವ್ವ, ಅಕ್ಕಂಗೆ?”

“ಅವ್ಳು ನರಸೀಪುರ್ದಲ್ಲಿ ಉಂಡಿರ್ತಾಳೆ, ಬುಡು,” ಅಂದಳು ಅವ್ವ. ಅಕ್ಕ ಅವಳಿಗೆ ಮಾರು ದೂರದಲ್ಲಿ, ಒಲೆಯ ಪಕ್ಕದಲ್ಲಿ ಕೂತಿದ್ದಳು. ಅವ್ವನ ಸೆರಗನ್ನು ಹಿಡಿದು ಜಗ್ಗಿದಳು. ಅವ್ವ ಸೆರಗು ಮೊಳೆಗೆ ಸಿಕ್ಕಿಕೊಂಡಿದೆ ಅನ್ನುವ ಹಾಗೆ ಕೊಡವಿಕೊಂಡಳು.

ಪುಟ ತೆಗೆದುಹಾಕಿದರೆ ಉಂಗುರದ ಸುದ್ದಿ ಮತ್ತೆ ಮೇಲೆ ಬರುತ್ತದೆ. ಅದು ಬೇಡ. ಅದಕ್ಕಿಂತ, ಯಾವಳೋ ಒಬ್ಬಳು ನಾನು ಕಟ್ಟಿದ ಹೆಸರಿನ ಕೆಳಗೆ ಹೋಗಿ ಕೂತು ಅಕ್ಕನ ಬದುಕು ತಿನ್ನುತ್ತಿದ್ದಾಳೆ ಅಂತ ನನಗೆ ಸಿಟ್ಟು. ಅವಳನ್ನು ಜುಟ್ಟು ಹಿಡಿದು ಎಳೆದು ತರುತ್ತೇನೆ ಅಂತ ಮರುದಿನ ಮಧ್ಯಾಹ್ನ ಸುತ್ತೂರಿನ ಮೇಲೆ ಹೋಗುವ ಬಸ್ಸು ಹತ್ತಿದೆ.

ನರಸೀಪುರದಲ್ಲಿ ಇಳಿದು ಮ್ಯಾಪು ಹಿಡಿದು ಹೊಳೆಯ ದಾರಿ ನಡೆದೆ. ಬಿಸಿಲಿಗೆ ನಾಯಿಗಳೂ ಮಲಗಿದ್ದವು. ಕಬ್ಬಿನ ಗದ್ದೆ ದಾಟಿದ ಮೇಲೆ ಮೊಬೈಲಿನ ಹೆಂಗಸು ನೀವು ತಲುಪಿದ್ದೀರಿ ಅಂದಳು. ನಾನು ಗುರುತು ಒತ್ತಿದ ಜಾಗವೇ. ಬೀಳು ಸೈಟು. ಹುಲ್ಲು, ಎಕ್ಕದ ಗಿಡ, ಅದರಾಚೆ ನೀರು. ಮನೆ ಇರಲಿಲ್ಲ, ಗೋಡೆಯ ಕುರುಹೂ ಇರಲಿಲ್ಲ.

ಆದರೆ ಹುಲ್ಲಿನ ಅಂಚಿನಲ್ಲಿ ಚಪ್ಪಲಿಗಳು ಸಾಲಾಗಿ ಬಿಟ್ಟಿದ್ದವು. ಗಂಡಸರದು, ಹೆಂಗಸರದು, ಸವೆದದ್ದು, ಹೊಸದು. ಹೊಸ್ತಿಲ ಮುಂದೆ ಬಿಡುವ ಹಾಗೆ, ಮೂತಿ ಒಳಗೆ ಮಾಡಿಕೊಂಡು.

ಪಕ್ಕದ ಗುಡಿಸಲಿನ ಮುಂದೆ ಒಬ್ಬ ಮುದುಕ ಕೂತು ಬೀಡಿ ಸೇದುತ್ತಿದ್ದ. ಬೋರಯ್ಯ ಅಂತ ಹೆಸರು ಹೇಳಿದ.

“ಪವಿತ್ರಮ್ಮನ್ನ ನೋಡಕ್ಕಾ? ಒಸಿ ಬೇಗ ಬರ್ಬಾರ್ದಾ ಕಣಪ್ಪ. ಆಗ್ಲೇ ಒಂಟೋದ್ಲು.”

“ಎಲ್ಲಿ ತಾತ ಮನೆ? ಇಲ್ಲೇನೂ ಇಲ್ವಲ್ಲ!”

“ನೀಲಿ ಬಾಗ್ಲು ಕಾಣಾಕಿಲ್ವಾ? ಓದ್ದೋರ ಕಣ್ಣೇ ಇಂಗೆ.”

“ನಾನೇನೂ ಓದಿಲ್ಲ.”

“ಹಂಗಾರೆ ಕಾಣ್ಬೇಕಾಗಿತ್ತಲ್ಲ,” ಅಂತ ಅವನು ನಿಜಕ್ಕೂ ಆಶ್ಚರ್ಯಪಟ್ಟ.

“ಆ ಚಪ್ಪಲಿ ಯಾರವು?”

“ಒಳೀಕೋದೋರವು.”

ನಾನು ಖಾಲಿ ಹುಲ್ಲನ್ನು ನೋಡಿದೆ. ಗಾಳಿ ಬೀಸಿದರೆ ಎಕ್ಕದ ಗಿಡ ಅಲ್ಲಾಡುತ್ತಿತ್ತು, ಚಪ್ಪಲಿ ಸಾಲಿನ ಎದುರಿಗೆ ಬಾಗಿಲಗಲದಷ್ಟು ಜಾಗದಲ್ಲಿ ಮಾತ್ರ ಹುಲ್ಲು ಅಲ್ಲಾಡುತ್ತಿರಲಿಲ್ಲ.

“ಅವಳ ಮೊಖ ನೋಡಿದ್ದೀಯಾ ತಾತ?”

“ನಮ್ಮ ಪುಟ್ಟಬಸಮ್ಮನ್ನ ಕಳ್ಸಿಕೊಟ್ಟಾಗ ನೋಡ್ದೆ. ನನ್ನೆಂಡ್ತಿ. ಪೂರ್ತಿ ಇನ್ನೂ ತಿರುಗಿರ್ನಿಲ್ಲ ಅನ್ನು. ಕಂಡಷ್ಟು ನಿನ್ನ ಹಂಗೇ ಇತ್ತು.” ನನ್ನದೂ ಅಕ್ಕನದೂ ಒಂದೇ ಅಚ್ಚಿನ ಮುಖ. ಅವನು ಬೀಡಿ ನೆಲಕ್ಕೆ ಒರೆಸಿದ. “ಹೊತ್ತಾದ್ರೆ ಬಂದೋರಿಗೆಲ್ಲ ನಾಳೆ ಬನ್ನಿ ಅಂತಾಳೆ. ಇವತ್ತು ಊರಿಗೆ ಓಯ್ತೀನಿ ಅಂದ್ಲು. ಅವ್ವ ಕಾಯ್ತಾವ್ಳಂತೆ. ಹೊತ್ತು ಮುಳುಗೋದ್ರೊಳಗೆ ಹುಲ್ಲಹಳ್ಳೀಲಿರ್ತಾಳೆ.”

ಸೂರ್ಯ ಹೊಳೆಯ ಆಚೆ ತೋಪಿಗೆ ಇಳಿದಿದ್ದ. ಇಷ್ಟು ಹೊತ್ತು ಯಾವಾಗ ಕಳೆದುಹೋಯಿತೋ ಗೊತ್ತಾಗಲಿಲ್ಲ. ಅಕ್ಕನಿಗೆ ಫೋನು ಮಾಡಿದೆ. ಅವಳು ಪಿಸುಗುಟ್ಟಿದಳು.

“ಪ್ರೇಮ, ಬಾಗ್ಲಲ್ಲಿ ಯಾರೋ ಕೂಗ್ತಾವ್ರೆ ಕಣೋ.”

“ಏನಂತ?”

“ಅವ್ವಾ ಅಂತ.” ಅವಳು ದನಿಯನ್ನು ಇನ್ನೂ ತಗ್ಗಿಸಿದಳು. “ನನ್ನ ದನೀಲಿ.”

ನನಗೂ ಕೇಳಿಸಿತು. ಫೋನಿನೊಳಗೆ, ಅಕ್ಕನ ಉಸಿರಿನ ಹಿಂದೆ, ಅಕ್ಕನ ದನಿಯೇ, ದಣಿದು ಮನೆಗೆ ಬಂದವಳ ಹಾಗೆ: ‘ಅವ್ವಾ, ಬಾಗ್ಲು ತಗಿ.’

“ಬಾಗಿಲ ಮೇಲಿನ ಬರಹ?”

“ಇದೆ ಕಣೋ! ಓದ್ತಾನೂ ಅವ್ಳೆ. ನಾಳೆ ಬಾ ಅಂದಿದ್ರಲ್ಲ, ಬಂದಿವ್ನಿ ಅಂತಾವ್ಳೆ.”

ಆಗ ನನಗೆ ಹೊಳೆಯಿತು. ನಮ್ಮ ಬಾಗಿಲ ಮೇಲಿನ ಬರಹ ಹೊರಗಿನಿಂದ ಕೂಗುವುದನ್ನು ತಡೆಯಲಿಕ್ಕೆ. ಇಲ್ಲಿ ಮೊದಲು ಕೂಗಿದವನು ನಾನು. ಯಾರಿಗೂ ಕಾಣದ ಅಕ್ಷರದಲ್ಲಿ, ಕೈ ಸೋಲುವ ತನಕ ಹೆಸರು ಹಿಡಿದು ಕೂಗಿ, ಅದೇ ಪುಟದ ತಲೆಭಾಗದಲ್ಲಿ ನಾಳೆ ಬಾ ಅಂತ ಕರೆದಿದ್ದೆ. ಯಾವ ಜೇಡವೂ ಓದುವುದಿಲ್ಲ ಅಂದಿದ್ದರು ಗುರಣ್ಣ. ಓದಿದ್ದು ಜೇಡವಲ್ಲ.

“ಅವ್ವ ಎದ್ಲು,” ಅಂತ ಅಕ್ಕ ಕಿರುಚಿದಳು. “ಅವ್ವಾ, ಬ್ಯಾಡ! ಅವ್ವಾ, ನಾನಿಲ್ಲೇ ಇವ್ನಿ!”

ಅವ್ವನ ಮಾತು ಸ್ಪಷ್ಟವಾಗಿ ಕೇಳಿತು. ಪರಿಚಯವಿಲ್ಲದವರ ಜೊತೆ ಆಡುವ ಮರ್ಯಾದೆಯ ದನಿ. “ಒಸಿ ದಾರಿ ಬುಡಿ ತಾಯಿ. ನನ್ ಮಗ್ಳು ಬಂದವ್ಳೆ.”

ಪುಟ ಅಳಿಸುವುದು ನನ್ನ ಮೊಬೈಲಿನಲ್ಲೇ ಆಗುತ್ತಿತ್ತು. ತೆರೆದೆ. ಖಾತ್ರಿಯೇ ಅಂತ ಅದು ಕೇಳಿತು.

“ಅಕ್ಕ, ಇದನ್ನ ಅಳಿಸ್ಬುಡ್ತೀನಿ. ಅಳಿಸಿದ್ರೆ ಉಂಗ್ರದ್ದು ಮ್ಯಾಕ್ಕೆ ಬತ್ತದೆ, ಗೊತ್ತಲ್ಲ—”

“ಬರ್ಲಿ ಕಣ್ಲಾ! ಕಳ್ಳಿ ಅನ್ಲಿ! ಕಳ್ಳಿಯಾದ್ರೂ ನಾನೇ ತಾನೆ!”

ಅಗುಳಿ ಜಾರಿದ ಸದ್ದು. ನಾನು ಒತ್ತಿದೆ.

ಬಾಗಿಲು ಕಿರ್ರೆಂದು ತೆರೆಯಿತು. ಆಮೇಲೆ ಏನೂ ಇಲ್ಲ. ಅಕ್ಕನ ಬಿಕ್ಕು ಒಂದೇ. ಕೊನೆಗೆ ಅವ್ವ, ನಿದ್ದೆಯಿಂದ ಎದ್ದವಳ ಹಾಗೆ: “ಯಾರೂ ಇಲ್ವಲ್ಲ. ನಾನ್ಯಾಕೆ ಬಾಗ್ಲು ತೆಗೆದೆ?” ಆಮೇಲೆ, “ಪವಿ, ಯಾಕವ್ವಾ ಅಳ್ತಾ ಕೂತಿದ್ದೀಯ? ಎದ್ದೇಳು, ದೀಪ ಹಾಕು.”

ತಲೆ ಎತ್ತಿ ನೋಡಿದೆ. ಬೀಳಿನ ಹುಲ್ಲು ಪೂರ್ತಿ ಗಾಳಿಗೆ ಅಲ್ಲಾಡುತ್ತಿತ್ತು. ಚಪ್ಪಲಿಗಳು ಅಲ್ಲೇ ಇದ್ದವು. ಬೋರಯ್ಯ ಆರಿದ ಬೀಡಿಯನ್ನು ಕೈಯಲ್ಲೇ ಹಿಡಿದು ನನ್ನನ್ನು ಬೆಪ್ಪಾಗಿ ನೋಡುತ್ತಿದ್ದ.

“ನಮ್ಮ ಪುಟ್ಟಬಸಮ್ಮ ಎತ್ಲಾಗೋದ್ಲಪ್ಪ?” ಅಂದ. ಅವನಿಗೆ ನಾನು ಏನು ಹೇಳಲಿ? ಬಸ್ಸಿನ ಕಡೆ ಓಡಿದೆ.

ಉಂಗುರದ ಸುದ್ದಿ ಮತ್ತೆ ಮೊದಲಿಗೆ ಬಂತು. ವಿಶಾಲಮ್ಮ ಅಕ್ಕನನ್ನು ನೋಡಿದ ಕೂಡಲೇ ಸೆರಗಿನ ಗಂಟು ಮುಟ್ಟಿ ನೋಡಿಕೊಂಡಳು. ನನಗೆ ರೇಗಿತು. ಅಕ್ಕ ನನ್ನ ತೋಳು ಹಿಡಿದು, “ಇರ್ಲಿ. ಕಂಡ್ನಲ್ಲ ಅವ್ಳ ಕಣ್ಣಿಗೆ,” ಅಂದಳು.

ಈಗ ಇನ್ನೊಂದು ಪುಟ ಮಾಡಿದ್ದೇವೆ. ಅದರಲ್ಲಿ ಬಿಳಿ ಅಕ್ಷರ ಇಲ್ಲ, ಸುಳ್ಳು ವಿಳಾಸ ಇಲ್ಲ. ಅಕ್ಕ ಈ ಸಲ ನೇರ ಮೊಬೈಲಿಗೆ ಮುಖ ಕೊಟ್ಟು ನಿಂತಳು, ನಗದೆ. ಕನ್ನಡಕದ ಡಬ್ಬಿಯಲ್ಲಿ ಉಂಗುರ ಸಿಕ್ಕ ಕತೆಯನ್ನು ಲಿಖಿತಾ ತನ್ನ ಹೆಸರು ಹಾಕಿ ತನ್ನ ಪುಟದಲ್ಲಿ ಬರೆದು ಈ ಪುಟದ ಕಡೆ ತೋರಿಸಿದ್ದಾಳೆ. ಅದೊಂದೇ ನಿಜವಾದ ಬೆರಳು. ಪುಟ ಎಲ್ಲೋ ತಳದಲ್ಲಿದೆ. ಹತ್ತುತ್ತದೆ ಕಣೋ, ನಿಧಾನ ಅನ್ನುತ್ತಾರೆ ಗುರಣ್ಣ. ನಿಧಾನ ನನ್ನ ರಕ್ತದಲ್ಲಿಲ್ಲ, ಆದರೂ ಕಾಯುತ್ತಿದ್ದೇನೆ.

ಅಳಿಸಿದ ಪುಟವನ್ನು ಕೇಳಿಕೊಂಡು ಯಾರು ಬಂದರು ಅನ್ನುವುದು ನಮ್ಮ ಕಂಪ್ಯೂಟರಿನಲ್ಲಿ ಗೊತ್ತಾಗುತ್ತದೆ. ಜೇಡಗಳು ಬರುತ್ತವೆ, ಇಲ್ಲ ಅನ್ನಿಸಿಕೊಂಡು ಹೋಗುತ್ತವೆ. ಪ್ರತಿಯೊಂದು ಜೇಡವೂ ತನ್ನ ಹೆಸರು ಹೇಳಿಯೇ ಬರುತ್ತದೆ. ಹೆಸರು ಹೇಳದೆ ಬರುವುದು ಒಂದಿದೆ. ದಿನಾ ಬರುತ್ತದೆ, ಹೊತ್ತು ಮುಳುಗುವಾಗ. ಗುರಣ್ಣ ಅದನ್ನು ನೋಡಿದರೂ ನೋಡದವರ ಹಾಗೆ ಅಂಗಡಿಯ ಶಟರ್ ಎಳೆಯುತ್ತಾರೆ.

ನಮ್ಮ ಬಾಗಿಲ ಬರಹವನ್ನು ಈಗ ತಿದ್ದುವವಳು ಅಕ್ಕ. ನೀಲಿಯ ಮೇಲೆ ಬಿಳಿ, ಯಾರ ಕಣ್ಣಿಗೂ ಕಾಣುವಷ್ಟು ದಪ್ಪ. ಅದರ ಕೆಳಗೆ ‘ಪವಿತ್ರ, ನರ್ಸ್’ ಅಂತಲೂ ಬರೆದಿದ್ದಾಳೆ. ಇಂಜೆಕ್ಷನ್ ಹಾಕಿಸಿಕೊಳ್ಳಲು ಬಂದವರು ನಾಳೆ ಬಾ ಅಂತ ಓದಿ ವಾಪಸು ಹೊರಟರೆ, “ಬನ್ನಿ ಬನ್ನಿ, ಅದು ನಿಮಗಲ್ಲ,” ಅಂತ ಒಳಗಿನಿಂದ ಕೂಗುತ್ತಾಳೆ.

ಹಗಲು ಮಾತ್ರ ಹಾಗೆ ಕೂಗುತ್ತಾಳೆ. ಹೊತ್ತು ಮುಳುಗುವಾಗ ನಾವು ಮೂವರೂ ಸುಮ್ಮನೆ ಕೂರುತ್ತೇವೆ. ನಿನ್ನೆಯೂ ಹೆಜ್ಜೆ ಸದ್ದು ಬಂದು ಬಾಗಿಲ ಮುಂದೆ ನಿಂತಿತು. ಚಪ್ಪಲಿ ಬಿಟ್ಟ ಸದ್ದಾಯಿತು. ಅವ್ವ ಅಕ್ಕನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಹೊರಗೆ ಯಾರೋ ಮೆಲ್ಲಗೆ, ಈಗಷ್ಟೇ ಅಕ್ಷರ ಕಲಿತವರ ಹಾಗೆ, ಬಾಗಿಲನ್ನು ಓದುತ್ತಿದ್ದರು. ಮೇಲಿನ ಸಾಲು ಮುಗಿಯಿತು. ದನಿ ಕೆಳಗಿನ ಹೆಸರಿನ ಹತ್ತಿರ ನಿಂತಿತು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೆಜ್ಜೆಗಳು ಹೊರಟುಹೋದವು.